ಸುಳ್ಳುಗಾರ, ಕ್ಷೌರಿಕ, ರಸೆಲ್‌ನ ಗಣ: ಮೂರಕ್ಕೂ ಒಂದೇ ಉತ್ತರ ಸಾಕಾ?

ಕಿಗ್ಗಟ್ಟುನಾಡು · ಸಂಜೆ 6:40
ಮುಂದಿನ ಶುಕ್ರವಾರ ಮಡಿಕೇರಿಯಲ್ಲಿ ದರ್ಶನಶಾಸ್ತ್ರದ ಸೆಮಿನಾರ್ ಇದೆ. 20 ನಿಮಿಷ, ಕನ್ನಡದಲ್ಲೇ ಮಾತಾಡಬೇಕು. ವಿಷಯ ವಿರೋಧಾಭಾಸ. ಮೂರು ಆರಿಸಿದ್ದೇನೆ.

ಒಂದು, "ಈ ವಾಕ್ಯ ಸುಳ್ಳು."

ಎರಡು, ಊರಿನ ಕ್ಷೌರಿಕ. ತಮಗೆ ತಾವೇ ಕ್ಷೌರ ಮಾಡಿಕೊಳ್ಳದ ಪ್ರತಿಯೊಬ್ಬರಿಗೂ ಇವನು ಮಾಡುತ್ತಾನೆ, ಮಾಡಿಕೊಳ್ಳುವ ಯಾರಿಗೂ ಮಾಡುವುದಿಲ್ಲ. ಹಾಗಾದರೆ ಇವನ ಕ್ಷೌರ?

ಮೂರು, ಬ್ರಿಟಿಷ್ ದಾರ್ಶನಿಕ ರಸೆಲ್‌ನ ಗಣ. ತನ್ನೊಳಗೆ ತಾನೇ ಗಣಾಂಶವಾಗಿ ಸೇರದ ಗಣಗಳನ್ನೆಲ್ಲ ಒಟ್ಟುಹಾಕಿದರೆ ಬರುವ ಗಣ. ಅದು ತನ್ನೊಳಗೆ ಇದೆಯೋ ಇಲ್ಲವೋ?

ಮೂರರಲ್ಲೂ ಹೌದು ಅಂದರೆ ಅಲ್ಲ ಅಂತಾಗುತ್ತೆ, ಅಲ್ಲ ಅಂದರೆ ಹೌದು ಅಂತಾಗುತ್ತೆ. "ತನ್ನ ಬಗ್ಗೆ ತಾನೇ ಮಾತಾಡುವುದೇ ದೋಷ" ಅಂತ ಒಂದೇ ಉತ್ತರ ಕೊಟ್ಟು ಮೂರನ್ನೂ ಮುಗಿಸಬಹುದಾ? ಶುರುವಿಗೆ ಎಪಿಮೆನಿಡಿಸ್ ಇಟ್ಟುಕೊಂಡಿದ್ದೇನೆ. "ಕ್ರೀಟ್‌ನವರೆಲ್ಲ ಸದಾ ಸುಳ್ಳುಗಾರರು" ಅಂತ ಗ್ರೀಸಿನ ಕ್ರೀಟ್ ದ್ವೀಪದವನೇ ಆದ ಅವನು ಹೇಳಿದ ಮಾತು.

ನಾಪೋಕ್ಲು_ಹಾದಿ · 6:52
ಮುಗಿಸಬಹುದು. ಮೂರೂ ಒಂದೇ ಮರದ ಕೊಂಬೆ.

ತರ್ಕದ_ಎಳೆ · 7:05
ದಯವಿಟ್ಟು ಹಾಗೆ ಮುಗಿಸಬೇಡಿ. ಆಕಾರ ಒಂದೇ ಇದೆ, ರೋಗ ಬೇರೆ ಬೇರೆ.

ಕ್ಷೌರಿಕನಿಂದ ಶುರುಮಾಡಿ, ಅದೇ ಸುಲಭ. ಹೇಳಿಕೆಯನ್ನು ಹೀಗೆ ಬರೆಯಿರಿ: "ಊರಿನ ಯಾವ ಯ ತೆಗೆದುಕೊಂಡರೂ, ಕ್ಷ ಎಂಬವನು ಯ ಗೆ ಕ್ಷೌರ ಮಾಡುತ್ತಾನೆ ⇔ ಯ ತನಗೆ ತಾನು ಮಾಡಿಕೊಳ್ಳುವುದಿಲ್ಲ." (⇔ ಅಂದರೆ ಎರಡು ಬದಿಯೂ ಒಟ್ಟಿಗೆ ನಿಜ, ಇಲ್ಲವೇ ಒಟ್ಟಿಗೆ ಸುಳ್ಳು.) ಯಾವ ಯ ಆದರೂ ಸರಿ ಅಂದಿದ್ದೀರಿ, ಹಾಗಾಗಿ ಯ ಜಾಗದಲ್ಲಿ ಕ್ಷ ನನ್ನೇ ಕೂರಿಸಿ. "ಕ್ಷ ತನಗೆ ಮಾಡಿಕೊಳ್ಳುತ್ತಾನೆ ⇔ ಕ್ಷ ತನಗೆ ಮಾಡಿಕೊಳ್ಳುವುದಿಲ್ಲ." ವಿರೋಧ ಬಂತು. ಇದರಿಂದ ಸಿಗುವ ತೀರ್ಮಾನ ಏನು? ಅಂಥ ಕ್ಷೌರಿಕ ಇಲ್ಲ, ಅಷ್ಟೇ. ಇದ್ದಾನೆ ಅಂತ ನಂಬೋಕೆ ನಮಗೆ ಕಥೆ ಹೇಳಿದವನ ಮಾತು ಬಿಟ್ಟರೆ ಬೇರೆ ಕಾರಣವೇ ಇರಲಿಲ್ಲ. ಇಲ್ಲಿ ಏನೂ ಮುರಿಯಲಿಲ್ಲ.

ರಸೆಲ್‌ನ ಗಣಕ್ಕೆ ಬನ್ನಿ. ಅದೇ ಎರಡು ಸಾಲು, ಅದೇ ವಿರೋಧ. ಆದರೆ "ಅಂಥ ಗಣ ಇಲ್ಲ" ಅಂತ ಹೇಳಿ ಎದ್ದು ಹೋಗೋಕೆ ಆಗಲ್ಲ. ಯಾಕೆಂದರೆ "ಯಾವ ಗುಣ ಹೇಳಿದರೂ ಆ ಗುಣ ಇರುವ ವಸ್ತುಗಳದ್ದೊಂದು ಗಣ ಇದ್ದೇ ಇದೆ" ಅನ್ನೋದು ಆಗ ತಳಪಾಯದ ತತ್ವ. ಜರ್ಮನ್ ತರ್ಕಶಾಸ್ತ್ರಜ್ಞ ಫ್ರೇಗೆ ಅಂಕಗಣಿತವನ್ನೆಲ್ಲ ಅದರ ಮೇಲೆ ಕಟ್ಟಿದ್ದ. ರಸೆಲ್‌ಗೆ ಇದು ಹೊಳೆದದ್ದು 1901ರಲ್ಲಿ, ಫ್ರೇಗೆಗೆ ಪತ್ರ ಬರೆದದ್ದು 1902ರ ಜೂನ್ 16ಕ್ಕೆ. ಅಂಕಗಣಿತದ ಬಗ್ಗೆ ಫ್ರೇಗೆ ಬರೆದ ಪುಸ್ತಕದ ಎರಡನೇ ಸಂಪುಟ ಆಗ ಅಚ್ಚಿನಲ್ಲಿತ್ತು. 1903ರಲ್ಲಿ ಅದು ಹೊರಬಂದಾಗ ಕೊನೆಗೆ ಒಂದು ಅನುಬಂಧ ಸೇರಿತ್ತು, ಅದರಲ್ಲಿ ತಳಪಾಯ ಅಲುಗಿದೆ ಅಂತ ಫ್ರೇಗೆಯೇ ಒಪ್ಪಿಕೊಂಡಿದ್ದ.

ಕ್ಷೌರಿಕನ ಹಿಂದೆ ತತ್ವ ಇಲ್ಲ, ಗಣದ ಹಿಂದೆ ಇದೆ. ಸೆಮಿನಾರಿನಲ್ಲಿ ಈ ಒಂದು ವ್ಯತ್ಯಾಸ ಮನದಟ್ಟು ಮಾಡಿಸಿದರೆ 20 ನಿಮಿಷ ಸಾರ್ಥಕ.

ಸೋಮವಾರಪೇಟೆ_ಸಂತೆ · 7:11
ಕ್ಷೌರಿಕ ಹೆಂಗಸು ಅಂದರೆ ಆಯ್ತಲ್ಲ?

ತರ್ಕದ_ಎಳೆ · 7:16
"ಊರಿನ ಗಂಡಸರಲ್ಲಿ ಯಾರು ತಾವೇ ಮಾಡಿಕೊಳ್ಳುವುದಿಲ್ಲವೋ ಅವರಿಗೆ" ಅಂತ ಹೇಳಿಕೆ ಇದ್ದರೆ ಹೆಂಗಸು ಹೊರಗುಳಿಯುತ್ತಾಳೆ, ವಿರೋಧ ಬರುವುದಿಲ್ಲ. ಆದರೆ ಮೇಲೆ ಬರೆದದ್ದು "ಪ್ರತಿಯೊಬ್ಬರಿಗೂ". ಅದರಲ್ಲಿ ಅವಳೂ ಸೇರಿದಳು. ಪಕ್ಕದ ಊರಿನವನು ಅಂದರೆ ಮಾತ್ರ "ಊರಿನ ಯ" ಅನ್ನುವುದರ ಹೊರಗೆ ಉಳಿಯುತ್ತಾನೆ, ಆಗ ವಿರೋಧ ಬರುವುದಿಲ್ಲ. ಯ ಯಾರ್ಯಾರು ಆಗಬಹುದು ಅನ್ನುವ ವ್ಯಾಪ್ತಿಯನ್ನು ಮೊದಲ ಸಾಲಿನಲ್ಲೇ ಬರೆದುಬಿಡಿ. ಸೆಮಿನಾರಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ.

ಬ್ರಹ್ಮಗಿರಿ_ಮಂಜು · 7:30
ಎಪಿಮೆನಿಡಿಸ್ ತೆಗೆದುಹಾಕಿ ಅಣ್ಣಾ. ಅದು ವಿರೋಧಾಭಾಸವೇ ಅಲ್ಲ. ಮಾತು ನಿಜ ಅಂದರೆ ಹೇಳಿದವನೂ ಕ್ರೀಟ್‌ನವನು, ಹಾಗಾಗಿ ಮಾತು ಸುಳ್ಳು. ಇಲ್ಲಿಗೆ ಸರಿ. ಸುಳ್ಳು ಅಂದರೆ ಏನಾಗುತ್ತೆ? ಕ್ರೀಟ್‌ನ ಯಾರೋ ಒಬ್ಬ ಎಂದೋ ಒಮ್ಮೆ ನಿಜ ಹೇಳಿದ್ದಾನೆ ಅಂತಾಗುತ್ತೆ. ಅದರಲ್ಲಿ ತೊಡಕೇನೂ ಇಲ್ಲ. ಆ ಮಾತು ಬರೀ ಸುಳ್ಳು, ಅಲ್ಲಿಗೆ ನಿಂತಿತು.

ಗಟ್ಟಿ ರೂಪ ಬೇಕಿದ್ದರೆ ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ದಾರ್ಶನಿಕ ಯೂಬುಲಿಡಿಸ್ ತೆಗೆದುಕೊಳ್ಳಿ. "ನಾನು ಈಗ ಹೇಳುತ್ತಿರುವುದು ಸುಳ್ಳು." ರಾಶಿಯ ಸಮಸ್ಯೆಯೂ ಅವನ ಹೆಸರಲ್ಲೇ ಇದೆ.

ಕುಶಾಲನಗರ_ಓದುಗಿ · 7:41
ಬ್ರಹ್ಮಗಿರಿಯವರ ಮಾತಿಗೆ ಒಂದು ಕನ್ನಡದ ಎಚ್ಚರಿಕೆ ಸೇರಿಸಬೇಕು. ಇಲ್ಲಿ ತುಂಬಾ ಜನ ಎಡವುತ್ತಾರೆ.

"ಎಲ್ಲರೂ ಸುಳ್ಳುಗಾರರು" ಇದರ ನಿಷೇಧ (ಅದನ್ನು ಅಲ್ಲಗಳೆಯುವ ವಾಕ್ಯ) ಬರೆಯಿರಿ ಅಂದರೆ ಕೈ ತಾನಾಗಿ "ಎಲ್ಲರೂ ಸುಳ್ಳುಗಾರರಲ್ಲ" ಅಂತ ಬರೆಯುತ್ತೆ. ಕನ್ನಡದಲ್ಲಿ ಆ ವಾಕ್ಯಕ್ಕೆ ಎರಡು ಅರ್ಥ. ಒಬ್ಬನೂ ಸುಳ್ಳುಗಾರನಲ್ಲ ಅನ್ನೋದು ಒಂದು, ಸುಳ್ಳುಗಾರನಲ್ಲದವನು ಒಬ್ಬನಾದರೂ ಇದ್ದಾನೆ ಅನ್ನೋದು ಇನ್ನೊಂದು. "ಎಲ್ಲರೂ ಬಂದಿಲ್ಲ" ಅಂದಾಗಲೂ ಅಷ್ಟೇ. ಅರ್ಧ ಜನ ಬಂದಿದ್ದಾರೋ, ಕುರ್ಚಿಗಳೆಲ್ಲ ಖಾಲಿಯೋ, ಮಾತಿನ ಧಾಟಿ ಕೇಳದೆ ಹೇಳೋಕೆ ಆಗಲ್ಲ. ತರ್ಕಕ್ಕೆ ಬೇಕಾಗಿರೋದು ಎರಡನೇ ಅರ್ಥ. ಮೊದಲನೆಯದನ್ನು ಹಿಡಿದವರಿಗೆ "ಎಲ್ಲರೂ ಸತ್ಯವಂತರು, ಹಾಗಾದರೆ ಇವನೂ ಸತ್ಯವಂತ, ಹಾಗಾದರೆ ಇವನ ಮಾತೂ ನಿಜ" ಅಂತ ಇಲ್ಲದ ವಿರೋಧ ಹುಟ್ಟಿಕೊಳ್ಳುತ್ತೆ. ಎಪಿಮೆನಿಡಿಸ್ ಪೂರ್ಣ ವಿರೋಧಾಭಾಸ ಅಂತ ಕನ್ನಡದಲ್ಲಿ ಅಷ್ಟು ಸಲೀಸಾಗಿ ಅನಿಸೋಕೆ ಇದೂ ಒಂದು ಕಾರಣ ಅಂತ ನನ್ನ ಖಚಿತ ಅಭಿಪ್ರಾಯ.

ಪರಿಹಾರ: ನಿಷೇಧ ಬರೆಯುವಾಗ "ಒಬ್ಬನಾದರೂ", "ಒಂದಾದರೂ" ಬಳಸಿ. "ಎಲ್ಲರೂ … ಅಲ್ಲ" ಅನ್ನೋ ರೂಪವನ್ನು ಬೋರ್ಡ್ ಮೇಲೆ ಬರೆಯಲೇಬೇಡಿ.

ಕಿಗ್ಗಟ್ಟುನಾಡು · 7:48
ಇದು ತಲೆಗೇ ಹೊಳೆದಿರಲಿಲ್ಲ ಅಕ್ಕ. ಎಪಿಮೆನಿಡಿಸ್ ತೆಗೆದೆ. ಹಾಗಾದರೆ "ಈ ವಾಕ್ಯ ಸುಳ್ಳು" ಅನ್ನೋದರ ಹಿಂದಿರುವ ತತ್ವ ಯಾವುದು?

ತರ್ಕದ_ಎಳೆ · 8:02
ಸತ್ಯದ ತತ್ವ. ಒಂದು ವಾಕ್ಯ ಸತ್ಯ ಆಗೋದು ಅದು ಹೇಳಿದ ಹಾಗೇ ಇದ್ದಾಗ, ಆಗ ಮಾತ್ರ. "ಮಡಿಕೇರಿಯಲ್ಲಿ ಮಳೆ" ಎಂಬ ವಾಕ್ಯ ಸತ್ಯ ⇔ ಮಡಿಕೇರಿಯಲ್ಲಿ ಮಳೆ. ಇದನ್ನು ಅಲ್ಲಗಳೆಯೋಕೆ ಯಾರಿಗೂ ಮನಸ್ಸು ಬರಲ್ಲ. ಸುಳ್ಳುಗಾರ ವಾಕ್ಯಕ್ಕೆ ಲ ಅಂತ ಹೆಸರಿಡಿ. ಲ ಸತ್ಯ ⇔ ಲ ಹೇಳಿದ ಹಾಗಿದೆ ⇔ ಲ ಸುಳ್ಳು. ಒಂದೇ ಸಾಲಿನಲ್ಲಿ ಬಂತು.

ಈಗ ಏನಾದರೂ ಒಂದನ್ನು ಬಿಡಲೇಬೇಕು. ಮೂವರು ತರ್ಕಶಾಸ್ತ್ರಜ್ಞರ ಮೂರು ದಾರಿ ಇವೆ. ತಾರ್ಸ್ಕಿ 1930ರ ದಶಕದಲ್ಲಿ ಹೇಳಿದ್ದು: ಒಂದು ಭಾಷೆಯ ವಾಕ್ಯಗಳ ಸತ್ಯವನ್ನು ಆ ಭಾಷೆಯೊಳಗೇ ಹೇಳಬೇಡಿ, ಮೇಲಿನ ಇನ್ನೊಂದು ಭಾಷೆಯಲ್ಲಿ ಹೇಳಿ. ಬೆಲೆ: ನಾವಾಡುವ ಕನ್ನಡದಲ್ಲಿ "ನಿಜ" ಅನ್ನೋ ಪದ ಒಂದೇ ಇದೆ, ಮೆಟ್ಟಿಲು ಮೆಟ್ಟಿಲಾಗಿ ಇಲ್ಲ. ಕ್ರಿಪ್ಕೆ 1975ರಲ್ಲಿ ಹೇಳಿದ್ದು: ಭಾಷೆ ಒಂದೇ ಇರಲಿ, ಆದರೆ ಕೆಲವು ವಾಕ್ಯಗಳು ಸತ್ಯವೂ ಆಗದೆ ಸುಳ್ಳೂ ಆಗದೆ ನಡುವೆ ಉಳಿಯಲಿ. ಬೆಲೆ ಕೆಳಗೆ ಬರುತ್ತೆ. ಪ್ರೀಸ್ಟ್ 1979ರಲ್ಲಿ ಹೇಳಿದ್ದು: ಲ ಸತ್ಯವೂ ಹೌದು, ಸುಳ್ಳೂ ಹೌದು, ಆದರೆ ಒಂದು ವಿರೋಧದಿಂದ ಏನು ಬೇಕಾದರೂ ಸಾಧಿಸಬಹುದು ಅನ್ನೋ ನಿಯಮವನ್ನು ಕೈಬಿಡಿ. ಅದಕ್ಕೂ ಬೆಲೆ ಇದೆ.

ಅಂಕ ಸಿಗೋದು "ಪರಿಹಾರ" ಹೇಳಿದ್ದಕ್ಕಲ್ಲ. ಯಾವ ಆಧಾರವಾಕ್ಯ (ತರ್ಕ ನಿಂತಿರುವ ಹೇಳಿಕೆ) ಬಿಟ್ಟಿರಿ, ಬಿಟ್ಟಿದ್ದರಿಂದ ಏನು ಕಳೆದುಕೊಂಡಿರಿ, ಎರಡನ್ನೂ ಬರೆದಿದ್ದಕ್ಕೆ.

ನಾಪೋಕ್ಲು_ಹಾದಿ · 8:10
ಇಷ್ಟೆಲ್ಲ ಯಾಕೆ? ಆ ವಾಕ್ಯಕ್ಕೆ ಅರ್ಥವೇ ಇಲ್ಲ. ಸತ್ಯವೂ ಅಲ್ಲ, ಸುಳ್ಳೂ ಅಲ್ಲ. ಮುಗಿಯಿತು.

ಬ್ರಹ್ಮಗಿರಿ_ಮಂಜು · 8:14
"ಈ ವಾಕ್ಯ ಸತ್ಯವಲ್ಲ." ಇದಕ್ಕೆ ಈಗ ಅದೇ ಉತ್ತರ ಕೊಡಿ ನೋಡೋಣ.

ನಾಪೋಕ್ಲು_ಹಾದಿ · 8:21
ಅರ್ಥವಿಲ್ಲ ಅಂದರೆ ಸತ್ಯವಲ್ಲ. ಸತ್ಯವಲ್ಲ ಅಂತಲೇ ಅದು ಹೇಳ್ತಿದೆ. ಹಾಗಾದರೆ ಸತ್ಯ. ಸರಿ, ಒಪ್ಪಿದೆ.

ಬ್ರಹ್ಮಗಿರಿ_ಮಂಜು · 8:24
ಇದನ್ನೇ ಸೇಡಿನ ಸಮಸ್ಯೆ ಅನ್ನೋದು. ನಡುವಿನ ಖಾನೆ ತೆರೆದವರೆಲ್ಲರ ಬೆನ್ನು ಹತ್ತುತ್ತೆ. ಕ್ರಿಪ್ಕೆ ಕೊಡಬೇಕಾದ ಬೆಲೆಯೂ ಇದೇ. ಲ ನಡುವೆ ಇದೆ, ಹಾಗಾಗಿ ಸತ್ಯವಲ್ಲ ಅಂತ ನಾವು ಹೊರಗೆ ನಿಂತು ಹೇಳ್ತೀವಿ, ಆದರೆ ಅದನ್ನು ಅದೇ ಭಾಷೆಯೊಳಗೆ ಹೇಳೋಕೆ ಆಗಲ್ಲ. ಮತ್ತೆ ತಾರ್ಸ್ಕಿಯ ಮೇಲಿನ ಭಾಷೆಗೇ ಹತ್ತಬೇಕು.

ಪುಷ್ಪಗಿರಿ_ತಪ್ಪಲು · 8:40
ಪಶ್ಚಿಮದ ಹೆಸರುಗಳನ್ನೇ ಕೇಳಿ ಸಾಕಾಯ್ತು. ನಮ್ಮ ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಆತ್ಮಾಶ್ರಯ ಅಂತ ಹೆಸರೇ ಇದೆ. ತನ್ನ ಮೇಲೆ ತಾನೇ ಒರಗಿದ್ದು ನಿಲ್ಲಲ್ಲ. ಅಲ್ಲಿಗೆ ಮೂಲ ಪ್ರಶ್ನೆಗೆ ಉತ್ತರ ಆಯ್ತು, ಮೂರಕ್ಕೂ ಒಂದೇ.

ತರ್ಕದ_ಎಳೆ · 8:47
ಸರ್, ತನ್ನ ಮೇಲೆ ಒರಗಿದ್ದೆಲ್ಲ ಬೀಳಲ್ಲ. "ಈ ವಾಕ್ಯ ಕನ್ನಡದಲ್ಲಿದೆ." ತನ್ನ ಬಗ್ಗೆ ತಾನೇ ಹೇಳ್ತಿದೆ, ಅಪ್ಪಟ ಸತ್ಯ. "ಈ ವಾಕ್ಯದಲ್ಲಿ ನಾಲ್ಕು ಪದಗಳಿವೆ." ಎಣಿಸಿ, ನಾಲ್ಕೇ.

ಕುಶಾಲನಗರ_ಓದುಗಿ · 9:03
ಪುಷ್ಪಗಿರಿ ಸರ್ ಹೇಳಿದ್ದರಲ್ಲಿ ತಿರುಳಿದೆ, ಬಿಡಬಾರದು. ನೈಯಾಯಿಕರು ಒಂದು ದೋಷ ಹೇಳಿ ನಿಲ್ಲಿಸಲಿಲ್ಲ. ಆತ್ಮಾಶ್ರಯ, ಅನ್ಯೋನ್ಯಾಶ್ರಯ, ಚಕ್ರಕ, ಅನವಸ್ಥೆ ಅಂತ ನಾಲ್ಕನ್ನು ಸಾಲಾಗಿ ಇಡುತ್ತಾರೆ. ಅವರು ಇದನ್ನು ಹೇಳಿದ್ದು ಲಕ್ಷಣ (ಅಂದರೆ ವ್ಯಾಖ್ಯೆ) ಮತ್ತು ಕಾರಣ ಕೊಡುವ ಕ್ರಮದ ಬಗ್ಗೆ, ವಾಕ್ಯಗಳ ಸತ್ಯದ ಬಗ್ಗೆ ಅಲ್ಲ. ಅದು ನೆನಪಿರಲಿ. ಆದರೂ ಸುಳ್ಳುಗಾರನ ವೇಷಗಳನ್ನು ಈ ನಾಲ್ಕರ ಪಕ್ಕ ಇಟ್ಟರೆ ಎಷ್ಟು ಚೆನ್ನಾಗಿ ಕೂರುತ್ತೆ ನೋಡಿ.

ಆತ್ಮಾಶ್ರಯ: "ಈ ವಾಕ್ಯ ಸುಳ್ಳು." ಒಂದೇ ವಾಕ್ಯ.

ಅನ್ಯೋನ್ಯಾಶ್ರಯ: ಕಾರ್ಡಿನ ಒಂದು ಬದಿಯಲ್ಲಿ "ಹಿಂದೆ ಬರೆದದ್ದು ನಿಜ", ಇನ್ನೊಂದು ಬದಿಯಲ್ಲಿ "ಹಿಂದೆ ಬರೆದದ್ದು ಸುಳ್ಳು". ಯಾವ ವಾಕ್ಯವೂ ತನ್ನ ಬಗ್ಗೆ ಹೇಳಿಲ್ಲ, ಆದರೂ ವಿರೋಧ.

ಚಕ್ರಕ: ಮೂರು, ನಾಲ್ಕು, ಎಷ್ಟು ಜನ ಬೇಕಾದರೂ ವೃತ್ತವಾಗಿ ನಿಂತು ಪ್ರತಿಯೊಬ್ಬ ಬಲಗಡೆಯವನ ಬಗ್ಗೆ ಹೇಳಲಿ. ಇಲ್ಲಿ ಲೆಕ್ಕದ ನಿಯಮವೇ ಇದೆ. ವೃತ್ತದಲ್ಲಿ "ಸುಳ್ಳು" ಅಂದವರ ಸಂಖ್ಯೆ ಬೆಸ ಆದರೆ ವಿರೋಧ, ಯಾರ ಮಾತು ನಿಜ ಯಾರದು ಸುಳ್ಳು ಅನ್ನೋ ಯಾವ ಹಂಚಿಕೆಯೂ ಕೂರಲ್ಲ. ಸಮ ಆದರೆ ವಿರೋಧ ಇಲ್ಲ, ಸರಿಹೊಂದುವ ಹಂಚಿಕೆ ಸರಿಯಾಗಿ ಎರಡು. ಪ್ರತಿ "ಸುಳ್ಳು" ಒಮ್ಮೆ ಮಗುಚಿ ಹಾಕುತ್ತೆ, ಸುತ್ತು ಮುಗಿದಾಗ ಹೊರಟ ಜಾಗಕ್ಕೆ ಹೊರಟ ಬೆಲೆಯಲ್ಲೇ ಬರಬೇಕು, ಅದಕ್ಕೆ.

ಅನವಸ್ಥೆ: ಇದು ಯಾಬ್ಲೊ 1993ರಲ್ಲಿ ಕೊಟ್ಟದ್ದು. ಕೊನೆಯೇ ಇಲ್ಲದ ಒಂದು ಸಾಲು. ಪ್ರತಿಯೊಬ್ಬನೂ "ನನ್ನ ಹಿಂದಿರುವ ಪ್ರತಿಯೊಬ್ಬನೂ ಹೇಳುವುದು ಸುಳ್ಳು" ಅನ್ನುತ್ತಾನೆ. ಸಾಲಿನಲ್ಲಿ ಒಬ್ಬನ ಮಾತು ನಿಜ ಅಂತ ಇಟ್ಟುಕೊಳ್ಳಿ. ಆಗ ಅವನ ಹಿಂದಿನ ಪ್ರತಿಯೊಬ್ಬನೂ ಸುಳ್ಳ, ಪಕ್ಕದವನೂ ಸೇರಿ. ಆದರೆ ಪಕ್ಕದವನ ಹಿಂದಿನವರೂ ಸುಳ್ಳರೇ, ಅದನ್ನೇ ಅವನು ಹೇಳಿದ್ದು, ಹಾಗಾಗಿ ಪಕ್ಕದವನ ಮಾತು ನಿಜ. ವಿರೋಧ. ಅಂದಮೇಲೆ ಯಾರ ಮಾತೂ ನಿಜವಲ್ಲ. ಆದರೆ ಯಾರ ಮಾತೂ ನಿಜವಲ್ಲದಿದ್ದರೆ ಪ್ರತಿಯೊಬ್ಬನ ಹಿಂದೆಯೂ ಬರೀ ಸುಳ್ಳೇ ಇದೆ, ಹಾಗಾಗಿ ಪ್ರತಿಯೊಬ್ಬನ ಮಾತೂ ನಿಜ. ಮತ್ತೆ ವಿರೋಧ. ಇಲ್ಲಿ ಯಾರೂ ತನ್ನ ಬಗ್ಗೆ ಹೇಳಿಲ್ಲ, ಸುತ್ತು ಕೂಡ ಇಲ್ಲ.

ಮೂಲ ಪ್ರಶ್ನೆಗೆ ಇದೇ ಉತ್ತರ ಕಿಗ್ಗಟ್ಟುನಾಡು. "ತನ್ನ ಬಗ್ಗೆ ತಾನೇ ಮಾತಾಡೋದು" ದೋಷದ ಬೇರು ಆಗಿದ್ದರೆ ನಾಲ್ಕನೆಯದು ಹುಟ್ಟಲೇಬಾರದಿತ್ತು.

ಪುಷ್ಪಗಿರಿ_ತಪ್ಪಲು · 9:15
ಅನವಸ್ಥೆಯನ್ನು ಇಲ್ಲಿ ಕೂರಿಸಿದ್ದು ಒಪ್ಪಿದೆ ಮೇಡಂ. ಆದರೆ ಯಾಬ್ಲೊ ಸಾಲಿನಲ್ಲೂ ಸುತ್ತು ಅಡಗಿದೆ ಅಂತ ಪ್ರೀಸ್ಟ್ ವಾದಿಸಿದ್ದಾನೆ, "ಪ್ರತಿಯೊಬ್ಬ" ಅಂತ ಒಂದೇ ನಿಯಮದಿಂದ ಇಡೀ ಸಾಲನ್ನು ಹೇಳುವಾಗ ಆ ನಿಯಮ ತನ್ನನ್ನೇ ಕರೆಯುತ್ತೆ ಅಂತ. ಅದನ್ನೂ ಹೇಳಬೇಕು.

ಇನ್ನೊಂದು. ವೈಯಾಕರಣಿ ಭರ್ತೃಹರಿ ತನ್ನ ವಾಕ್ಯಪದೀಯ ಗ್ರಂಥದಲ್ಲಿ "ನಾನು ಹೇಳುವುದೆಲ್ಲ ಸುಳ್ಳು" ಅನ್ನೋ ವಾಕ್ಯವನ್ನು ನೇರವಾಗಿ ಎತ್ತಿಕೊಳ್ಳುತ್ತಾನೆ. ಆ ಮಾತು ತನ್ನನ್ನು ಸೇರಿಸಿಕೊಂಡು ಹೇಳಿದ್ದಲ್ಲ, ಸೇರಿಸಿಕೊಂಡರೆ ಹೇಳಹೊರಟ ವಿಷಯವೇ ತಿಳಿಯದೆ ಹೋಗುತ್ತೆ ಅನ್ನೋದು ಅವನ ನಿಲುವು. 5ನೇ ಶತಮಾನದ ಮಾತು ಇದು. ಸೆಮಿನಾರಿನಲ್ಲಿ ಎರಡು ನಿಮಿಷ ಇದಕ್ಕೆ ಕೊಡಿ.

ತರ್ಕದ_ಎಳೆ · 9:20
ಒಪ್ಪಿದೆ, ಎರಡನ್ನೂ. ಭರ್ತೃಹರಿಯದ್ದು ಸೇರಲೇಬೇಕು.

ಸೋಮವಾರಪೇಟೆ_ಸಂತೆ · 9:26
ವಿರೋಧಾಭಾಸ ಅನ್ನೋ ಪದವೇ ಸರಿಯಾ? ಅಲಂಕಾರಶಾಸ್ತ್ರದಲ್ಲಿ ವಿರೋಧಾಭಾಸ ಅಂದರೆ ವಿರೋಧದಂತೆ ಕಂಡು ಆಮೇಲೆ ಬಿಡಿಸಿಕೊಳ್ಳುವಂಥದ್ದು. ಸುಳ್ಳುಗಾರ ಬಿಡಿಸಿಕೊಳ್ಳಲ್ಲವಲ್ಲ. ಬೆಡಗಿನ ವಚನಗಳನ್ನೂ ಇದಕ್ಕೆ ಸೇರಿಸೋರು ಇದ್ದಾರೆ.

ಪುಷ್ಪಗಿರಿ_ತಪ್ಪಲು · 9:33
ಬೆಡಗು ಬೇರೆ. ಅಲ್ಲಿ ಒಡಪು ಇದೆ, ಸಂಕೇತ ಒಡೆದರೆ ಅರ್ಥ ಸಿಗುತ್ತೆ. ಪದದ ಬಗ್ಗೆ ನಿಮ್ಮ ತಕರಾರು ಸರಿ. ಆದರೆ ಕ್ಷೌರಿಕನಿಗೆ ಆ ಪದ ತಕ್ಕುದಾಗಿಯೇ ಇದೆ, ಅದು ಬಿಡಿಸಿಕೊಳ್ಳುತ್ತೆ. ಸುಳ್ಳುಗಾರನಿಗೆ ವ್ಯಾಘಾತ, ಅಂದರೆ ತನ್ನನ್ನೇ ಅಲ್ಲಗಳೆಯುವ ಮಾತು, ಅನ್ನಿ.

ಕಣದ_ಕಾಫಿ · 9:50
ಮಧ್ಯೆ ಬಾಯಿ ಹಾಕ್ತಿದ್ದೇನೆ, ರಾಶಿಯ ಸಮಸ್ಯೆ ಮೇಲೆ ಹೆಸರಷ್ಟೇ ಬಂದು ಹೋಯ್ತು. ಕೊಡಗಿನಲ್ಲಿ ಕೂತು ಇದನ್ನು ಬಿಡೋದು ಹೇಗೆ? ಕಣದಲ್ಲಿ ಒಣಗಲು ಹಾಕಿದ ಕಾಫಿ, 10,000 ಬೀಜ ಅನ್ನಿ. ರಾಶಿ ಹೌದು. ರಾಶಿಯಿಂದ ಒಂದು ಬೀಜ ತೆಗೆದರೆ ಮಿಕ್ಕಿದ್ದೂ ರಾಶಿಯೇ. ಹೀಗೆ ಹೋಗಿ ಹೋಗಿ ಒಂದು ಬೀಜವೂ ರಾಶಿ. ಅರೇಬಿಕಾ ಹಣ್ಣಿನ ಬಣ್ಣವೂ ಹಾಗೇ, ಹಸಿರಿನಿಂದ ಕೆಂಪಿಗೆ ತಿರುಗೋದು ಯಾವ ಗಳಿಗೆಯಲ್ಲಿ ಅಂತ ಬೆರಳಿಟ್ಟು ತೋರಿಸೋಕೆ ಆಗಲ್ಲ, ಆದರೂ ಕೊಯ್ಯುವವರು ಕಾಯಿ ಬಿಟ್ಟು ಹಣ್ಣು ಕೀಳ್ತಾರೆ.

ನಾಪೋಕ್ಲು_ಹಾದಿ · 9:54
ಗಡಿ ಹಾಕಿಕೊಂಡರೆ ಆಯ್ತು. 500 ಬೀಜಕ್ಕಿಂತ ಮೇಲೆ ರಾಶಿ.

ಕಣದ_ಕಾಫಿ · 10:08
ವ್ಯವಹಾರಕ್ಕೆ ಅದು ಸಾಕು. ಆದರೆ ಆಗ ನೀವು ಹೊಸ ಪದ ಮಾಡಿಕೊಂಡಿರಿ, ಎಲ್ಲರೂ ಬಳಸುವ "ರಾಶಿ"ಗೆ ಏನು ಗತಿ ಅನ್ನೋ ಪ್ರಶ್ನೆ ಕದಲಲಿಲ್ಲ.

ದಾರಿ ಮೂರಿವೆ. ಮೊದಲನೆಯದು, ಗಡಿ ನಿಜವಾಗಿ ಇದೆ, ನಮಗೆ ತಿಳಿಯಲು ಸಾಧ್ಯವಿಲ್ಲ ಅಷ್ಟೇ. ವಿಲಿಯಮ್ಸನ್ ಹಿಡಿದ ದಾರಿ. ತರ್ಕದ ನಿಯಮ ಒಂದೂ ಬಿಡಬೇಕಿಲ್ಲ, ಆದರೆ ಒಂದೇ ಒಂದು ಬೀಜ ರಾಶಿಯನ್ನು ಕೆಡಿಸುತ್ತೆ ಅಂತ ನುಂಗಿಕೊಳ್ಳಬೇಕು. ಎರಡನೆಯದು ಫೈನ್ 1975ರಲ್ಲಿ ಬೆಳೆಸಿದ್ದು. ಗಡಿಯನ್ನು ಎಲ್ಲಿ ಎಳೆದರೂ ನಿಜವಾಗಿ ಉಳಿಯುವುದೇ ನಿಜ. ಆಗ "ಎಲ್ಲೋ ಒಂದು ಗಡಿ ಇದೆ" ಅನ್ನೋದು ನಿಜವಾಗುತ್ತೆ, ಆದರೆ "ಗಡಿ ಇಲ್ಲಿದೆ" ಅನ್ನೋ ಯಾವ ಒಂದು ವಾಕ್ಯವೂ ನಿಜವಾಗಲ್ಲ. ಇದು ಅರಗಿಸಿಕೊಳ್ಳೋಕೆ ಕಷ್ಟ.

ಮೂರನೆಯದು ಸತ್ಯಕ್ಕೆ ಅಳತೆ ಕೊಡೋದು. ಝಾದೆ 1965ರಲ್ಲಿ ಇಂಥ ಗಣಗಳನ್ನು ತಂದ. 10,000 ಬೀಜಕ್ಕೆ 1, ಸೊನ್ನೆ ಬೀಜಕ್ಕೆ 0, ಒಂದೊಂದು ಬೀಜಕ್ಕೂ 0.0001 ಇಳಿಕೆ. ತರ್ಕಶಾಸ್ತ್ರಜ್ಞ ಲುಕಾಸಿವಿಚ್‌ನ ನಿಯಮದಲ್ಲಿ (ಮೊದಲಿನದಕ್ಕಿಂತ ಎರಡನೆಯದು ಎಷ್ಟು ಇಳಿಯಿತೋ ಅಷ್ಟನ್ನು 1ರಿಂದ ಕಳೆಯೋದು) "ಇದು ರಾಶಿಯಾದರೆ ಮುಂದಿನದೂ ರಾಶಿ" ಅನ್ನೋ ಪ್ರತಿ ಷರತ್ತು ವಾಕ್ಯದ ಬೆಲೆ 1 − 0.0001 = 0.9999. ಪ್ರತಿ ಮೆಟ್ಟಿಲೂ ಹೆಚ್ಚುಕಡಿಮೆ ನಿಜ, ಹಾಗಾಗಿ ಒಪ್ಪಿಬಿಡ್ತೀವಿ. 10,000 ಸಲ ಕೊರತೆ ಸೇರಿದಾಗ ಪೂರ್ತಿ 1 ಕರಗಿಹೋಗುತ್ತೆ. ನಾವು ಯಾಕೆ ಮೋಸಹೋಗ್ತೀವಿ ಅನ್ನೋದನ್ನು ಇಷ್ಟು ಚೆನ್ನಾಗಿ ಹೇಳುವ ದಾರಿ ಇನ್ನೊಂದಿಲ್ಲ. ತೊಡಕು: 0.7312 ಅನ್ನೋ ಅಂಕಿ ಎಲ್ಲಿಂದ ಬಂತು? ಒಂದು ಗಡಿ ತಪ್ಪಿಸಲು ಹೋಗಿ ಹತ್ತು ಸಾವಿರ ಚೂಪು ಗಡಿ ಎಳೆದ ಹಾಗಾಯ್ತು.

ಕಿಗ್ಗಟ್ಟುನಾಡು · 10:15
20 ನಿಮಿಷದಲ್ಲಿ ಇದೂ ಬೇಕಾ?

ತರ್ಕದ_ಎಳೆ · 10:17
ಬೇಡ. ಇದಕ್ಕೆ ಬೇರೆಯೇ ಒಂದು ಸೆಮಿನಾರ್ ಬೇಕು.

ಹಾರಂಗಿ_ಹಿನ್ನೀರು · 10:25
ಭಾಗಮಂಡಲದಲ್ಲಿ ದಾರಿ ಕವಲೊಡೆಯುವ ಕಡೆ ಒಬ್ಬ ನಿಂತಿದ್ದಾನೆ ಅನ್ನಿ. ಯಾವಾಗಲೂ ನಿಜ ಹೇಳುವವನೋ ಯಾವಾಗಲೂ ಸುಳ್ಳು ಹೇಳುವವನೋ ಗೊತ್ತಿಲ್ಲ. ಒಂದೇ ಪ್ರಶ್ನೆ ಕೇಳಿ ತಲಕಾವೇರಿಯ ದಾರಿ ತಿಳಿಯಬೇಕು. ಇಂಥ ಒಗಟುಗಳಿಂದ ತರ್ಕ ಕಲಿಯೋಕೆ ಆಗುತ್ತಾ, ಬರೀ ಕಾಲಹರಣವಾ?

ಬ್ರಹ್ಮಗಿರಿ_ಮಂಜು · 10:41
ಖಂಡಿತ ಆಗುತ್ತೆ, ಬರೆದು ಬಿಡಿಸಿದರೆ. ಬಾಯಲ್ಲೇ ಬಿಡಿಸಿದರೆ ಆಗಲ್ಲ.

ಕ್ರಮ ಹೀಗೆ. "ಅ ನಿಜವಂತ" ಅನ್ನೋದನ್ನು ಅ ಅಂತ ಬರೆಯಿರಿ. ಅ ಏನೇ ಹೇಳಲಿ, ಅದನ್ನು "ಅ ⇔ ಹೇಳಿದ್ದು" ಅಂತ ಬರೆಯಿರಿ. ಒಗಟಿನ ಪೂರ್ತಿ ಗುಟ್ಟು ಈ ಒಂದು ಸಾಲಲ್ಲಿದೆ. "ನಾವಿಬ್ಬರೂ ಸುಳ್ಳರು" ಅಂತ ಅ ಅಂದರೆ: ಅ ⇔ (ಅ ಅಲ್ಲ ಮತ್ತು ಬ ಅಲ್ಲ). ನಿಜ-ಸುಳ್ಳಿನ ಎಲ್ಲ ಸಾಧ್ಯತೆ ಬರೆದ ಪಟ್ಟಿಗೆ ಸತ್ಯಕೋಷ್ಟಕ ಅಂತಾರೆ, ಇಲ್ಲಿ ಅದರಲ್ಲಿ ನಾಲ್ಕು ಸಾಲು. ಅ ನಿಜ ಇರುವ ಎರಡು ಸಾಲಲ್ಲೂ ಬಲಗಡೆ ಸುಳ್ಳಾಗುತ್ತೆ, ಎರಡೂ ಹೋದವು. ಇಬ್ಬರೂ ಸುಳ್ಳರಾದ ಸಾಲಲ್ಲಿ ಬಲಗಡೆ ನಿಜ, ಎಡಗಡೆ ಸುಳ್ಳು, ಅದೂ ಹೋಯ್ತು. ಉಳಿದದ್ದು ಅ ಸುಳ್ಳ, ಬ ನಿಜವಂತ.

ಈಗ ಅ "ನಾನು ಸುಳ್ಳ" ಅಂದರೆ? ಅ ⇔ ಅ ಅಲ್ಲ. ಒಂದು ಸಾಲೂ ಉಳಿಯಲ್ಲ. ನೋಡಿ, ಕ್ಷೌರಿಕ ಮತ್ತೆ ಬಂದ! ಆ ದಾರಿಯಲ್ಲಿ ಯಾರೂ ಅಂಥ ಮಾತು ಆಡಲು ಸಾಧ್ಯವಿಲ್ಲ ಅನ್ನೋದಷ್ಟೇ ತೀರ್ಮಾನ.

ಕವಲುದಾರಿಗೆ ಪ್ರಶ್ನೆ: "ಎಡದಾರಿ ತಲಕಾವೇರಿಗೆ ಹೋಗುತ್ತಾ ಅಂತ ನಿಮ್ಮನ್ನು ಕೇಳಿದರೆ ಹೌದು ಅಂತೀರಾ?" ಸುಳ್ಳ ಎರಡು ಸಲ ಸುಳ್ಳು ಹೇಳಿ ನಿಜಕ್ಕೇ ಬರುತ್ತಾನೆ. ಹೌದು ಅಂದರೆ ಎಡಕ್ಕೆ, ಇಲ್ಲ ಅಂದರೆ ಬಲಕ್ಕೆ.

ಹಾರಂಗಿ_ಹಿನ್ನೀರು · 10:50
"ಜೊತೆಯವನನ್ನು ಕೇಳಿದರೆ ಏನಂತಾನೆ" ಅನ್ನೋದು ಹಳೇ ಉತ್ತರ ಅಲ್ವಾ?

ಬ್ರಹ್ಮಗಿರಿ_ಮಂಜು · 10:58
ಅದಕ್ಕೆ ಇಬ್ಬರು ಬೇಕು, ಒಬ್ಬ ನಿಜವಂತ ಒಬ್ಬ ಸುಳ್ಳ ಅಂತ ಖಾತ್ರಿಯೂ ಬೇಕು. ಇದಕ್ಕೆ ಒಬ್ಬನೇ ಸಾಕು. ಇದೇ ತಂತ್ರ ಬೂಲೋಸ್ 1996ರಲ್ಲಿ ಬರೆದ ಮೂರು ದೇವರ ಒಗಟಿಗೂ ನಡೆಯುತ್ತೆ. ಸತ್ಯದೇವ, ಸುಳ್ಳುದೇವ, ಮನಬಂದಂತೆ ಉತ್ತರಿಸುವ ದೇವ. ಉತ್ತರ "ದಾ" ಅಥವಾ "ಜಾ", ಯಾವುದು ಹೌದು ಯಾವುದು ಇಲ್ಲ ಗೊತ್ತಿಲ್ಲ. ಮೂರೇ ಪ್ರಶ್ನೆಯಲ್ಲಿ ಯಾರು ಯಾರು ಅಂತ ಹೇಳಬೇಕು. "ಇಂಥದ್ದು ಕೇಳಿದರೆ ಜಾ ಅಂತೀರಾ" ಅಂತ ಕೇಳಿದರೆ, ಉತ್ತರ ಜಾ ಬಂದರೆ ಆ ಸಂಗತಿ ನಿಜ, ದಾ ಬಂದರೆ ಸುಳ್ಳು. ಪದದ ಅರ್ಥವೂ ಬೇಕಿಲ್ಲ, ದೇವರ ಸ್ವಭಾವವೂ ಬೇಕಿಲ್ಲ. ಮನಬಂದಂತೆ ಹೇಳುವವನು ಆಗಿರಬಾರದು, ಅಷ್ಟೇ. ಹಾಗಾಗಿ ಮೊದಲ ಪ್ರಶ್ನೆಯನ್ನು ಅವನಲ್ಲದ ಒಬ್ಬನನ್ನು ಹಿಡಿಯೋಕೆ ಖರ್ಚು ಮಾಡಬೇಕು. ಅದನ್ನು ಬಿಟ್ಟು ಮೊದಲಿಗೇ "ನೀನು ಯಾರು" ಅಂತ ಹೊರಟವರಿಗೆ ಪ್ರಶ್ನೆ ಸಾಲೋದಿಲ್ಲ.

ಮೊದಲ ಪ್ರಶ್ನೆ ನಡುವಿನ ದೇವರಿಗೆ, ಇದೇ ರೂಪದಲ್ಲಿ, ಎಡದವನು ಮನಬಂದಂತೆ ಹೇಳುವವನಾ ಅಂತ. ಜಾ ಬಂದರೆ ಬಲದವನು ಸುರಕ್ಷಿತ, ದಾ ಬಂದರೆ ಎಡದವನು ಸುರಕ್ಷಿತ. ನಡುವಿನವನೇ ಮನಬಂದಂತೆ ಹೇಳುವವನಾಗಿದ್ದರೂ ಇದು ಕೆಡಲ್ಲ.

ಕುಶಾಲನಗರ_ಓದುಗಿ · 11:10
ಒಗಟಿನ ಮಾತು ಬಂತು, "ಆದರೆ" ಬಗ್ಗೆಯೂ ಹೇಳಿಬಿಡ್ತೇನೆ. ಕನ್ನಡದಲ್ಲಿ ಇದು ಷರತ್ತೂ ಹೌದು, ಎದುರು ಮಾತೂ ಹೌದು. "ಮಳೆ ಆದರೆ ರಸ್ತೆ ಒದ್ದೆ" ಷರತ್ತು. "ಮಳೆ, ಆದರೆ ರಸ್ತೆ ಒಣಗಿದೆ" ಬರೀ "ಮತ್ತು". ಒಂದು ಅಲ್ಪವಿರಾಮದಲ್ಲಿ ಸತ್ಯಕೋಷ್ಟಕವೇ ಬದಲಾಗುತ್ತೆ. "ಮಳೆ ಬಂದರೆ ಮಾತ್ರ ರಸ್ತೆ ಒದ್ದೆ" ಅಂದಾಗ ಬಾಣ ತಿರುಗುತ್ತೆ: ಒದ್ದೆ → ಮಳೆ (ಒದ್ದೆ ಇದ್ದರೆ ಮಳೆ ಬಂದಿದೆ).

ವೇಸನ್ 1966ರಲ್ಲಿ ಕೊಟ್ಟ ಕಾರ್ಡಿನ ಪರೀಕ್ಷೆ ಮಾಡಿ ನೋಡಿ. ಮೇಜಿನ ಮೇಲೆ ನಾಲ್ಕು ಕಾರ್ಡು: ಅ, ಕ, 4, 7. ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. ನಿಯಮ: ಸ್ವರ ಇದ್ದರೆ ಹಿಂದೆ ಸಮಸಂಖ್ಯೆ. ನಿಯಮ ಮುರಿದಿದೆಯಾ ತಿಳಿಯಲು ಯಾವುದನ್ನು ಮಗುಚಬೇಕು? ಬಹಳ ಜನ ಅ ಮತ್ತು 4 ಅಂತಾರೆ. ಸರಿ ಉತ್ತರ ಅ ಮತ್ತು 7. 4ರ ಹಿಂದೆ ವ್ಯಂಜನ ಇದ್ದರೂ ನಿಯಮ ಮುರಿಯಲ್ಲ. 7ರ ಹಿಂದೆ ಸ್ವರ ಇದ್ದರೆ ಮುರಿಯಿತು. 4 ಮಗುಚಿದವರು ನಿಯಮಕ್ಕೆ "ಮಾತ್ರ" ಸೇರಿಸಿ ಓದಿಕೊಂಡಿರುತ್ತಾರೆ.

ಸೋಮವಾರಪೇಟೆ_ಸಂತೆ · 11:14
4 ಅಂತಲೇ ಹೇಳಿದ್ದೆ.

ಹಾರಂಗಿ_ಹಿನ್ನೀರು · 11:16
ಇದನ್ನೆಲ್ಲ ಮುಂದೆ ಓದೋಕೆ ಎಲ್ಲಿ ಹೋಗಬೇಕು?

ಪುಷ್ಪಗಿರಿ_ತಪ್ಪಲು · 11:22
ಪಿಯುಸಿ ಕಲಾ ವಿಭಾಗದಲ್ಲಿ ತರ್ಕಶಾಸ್ತ್ರ ಐಚ್ಛಿಕ ವಿಷಯವಾಗಿ ಇದೆ. ಎಂ.ಎ.ಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ದರ್ಶನಶಾಸ್ತ್ರ ವಿಭಾಗ ಇದೆ. ಊರು ಬಿಡೋಕೆ ಆಗದವರಿಗೆ ಇಗ್ನೋದ ದೂರಶಿಕ್ಷಣ.

ಕಿಗ್ಗಟ್ಟುನಾಡು · 11:40
ಎಲ್ಲ ಸೇರಿಸಿ ಹೀಗೆ ಮಾಡಿದ್ದೇನೆ, ತಪ್ಪಿದ್ದರೆ ಹೇಳಿ. ಮೊದಲ 4 ನಿಮಿಷ ಕ್ಷೌರಿಕ, ವ್ಯಾಪ್ತಿಯ ಸಾಲು ಸಮೇತ, ತೀರ್ಮಾನ "ಅಂಥವನಿಲ್ಲ". ಮುಂದಿನ 5 ರಸೆಲ್ ಮತ್ತು ಫ್ರೇಗೆಯ ತತ್ವ. ಆಮೇಲೆ 8 ನಿಮಿಷ ಸುಳ್ಳುಗಾರ, ನಾಲ್ಕು ದೋಷಗಳ ಸಾಲು, ತಾರ್ಸ್ಕಿ, ಕ್ರಿಪ್ಕೆ, ಪ್ರೀಸ್ಟ್ ಕೊಡುವ ಬೆಲೆ. ಕೊನೆಯ 3 ಭರ್ತೃಹರಿ. ಬೋರ್ಡ್ ಮೇಲೆ:
ಲ: "ಲ ಸುಳ್ಳು."
ಲ ಸತ್ಯ ⇔ ಲ ಸುಳ್ಳು.
ಕ್ರಿಪ್ಕೆ: ಕನ್ನಡದ ಎಲ್ಲ ವಾಕ್ಯಗಳೂ ಸತ್ಯ ಅಥವಾ ಸುಳ್ಳು ಅಲ್ಲ.

ತರ್ಕದ_ಎಳೆ · 11:47
ರಸೆಲ್ ಭಾಗಕ್ಕೆ ಒಂದು ಸಾಲು ಸೇರಿಸಿ. ಝೆರ್ಮೆಲೊ 1908ರಲ್ಲಿ ತತ್ವವನ್ನು ಕಿರಿದು ಮಾಡಿದ: ಗುಣ ಹೇಳಿ ಗಣ ಹುಟ್ಟಿಸುವಂತಿಲ್ಲ, ಆಗಲೇ ಇರುವ ಗಣದೊಳಗಿಂದ ಗುಣ ನೋಡಿ ಹೆಕ್ಕಬಹುದು. ಹಾಗೆ ಹೆಕ್ಕಿದ ರಸೆಲ್ ಗಣ ಮೂಲ ಗಣದೊಳಗೆ ಇರಲ್ಲ, ಅಷ್ಟೇ, ವಿರೋಧ ಇಲ್ಲ. ಬೆಲೆ: ಎಲ್ಲವನ್ನೂ ಒಳಗೊಂಡ ಗಣ ಇಲ್ಲ.

ಬ್ರಹ್ಮಗಿರಿ_ಮಂಜು · 11:49
ಬೋರ್ಡಿನಲ್ಲಿ ಮೊದಲಿಂದಲೇ "ಲ ಸತ್ಯವಲ್ಲ" ಅಂತ ಬರೆಯಿರಿ. "ಸುಳ್ಳು" ಅಂತ ಬಿಟ್ಟರೆ ಯಾರಾದರೂ ಎದ್ದು ನಡುವಿನ ಖಾನೆ ತೋರಿಸುತ್ತಾರೆ, ಆಮೇಲೆ ಸೇಡಿನ ಸಮಸ್ಯೆ ವಿವರಿಸೋಕೆ ನಿಮಿಷ ಉಳಿದಿರಲ್ಲ.

ಕುಶಾಲನಗರ_ಓದುಗಿ · 11:52
ಮೂರನೇ ಸಾಲು ನೋಡಿ. "ಎಲ್ಲ … ಅಲ್ಲ" ಮತ್ತೆ ಬಂದಿದೆ. ಯಾವ ವಾಕ್ಯವೂ ಸತ್ಯವೂ ಅಲ್ಲ ಸುಳ್ಳೂ ಅಲ್ಲ ಅಂತ ಓದಿಕೊಳ್ಳಬಹುದು. ಕ್ರಿಪ್ಕೆ ಹಾಗೆ ಹೇಳಲಿಲ್ಲ.

ಕಿಗ್ಗಟ್ಟುನಾಡು · 11:58
ತಿದ್ದಿದೆ ಅಕ್ಕ. "ಸತ್ಯವೂ ಅಲ್ಲದ, ಸುಳ್ಳೂ ಅಲ್ಲದ ವಾಕ್ಯ ಕನ್ನಡದಲ್ಲಿ ಒಂದಾದರೂ ಇದೆ."